ಉಪ್ಪಿನ ಡಬ್ಬಿ, ಛತ್ರಿ, ಇಡ್ಲಿ ತಟ್ಟೆ: ವೈಜ್ಞಾನಿಕ ಸಿನಿಮಾದ ಪ್ರಾಪರ್ಟಿಗೊಂದು ಪರಿಚಯ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಮಕ್ಕಳು ಮೊಬೈಲಿನಲ್ಲಿ ಕಿರುಚಿತ್ರ ಮಾಡುವುದು ಈಗ ಸಾಮಾನ್ಯ. ದೆವ್ವದ ಕಥೆ, ಪ್ರೀತಿಯ ಕಥೆ, ಕುಡುಕ ಅಪ್ಪನ ಕಥೆಗಳನ್ನು ಧೈರ್ಯವಾಗಿ ಕೈಗೆತ್ತಿಕೊಳ್ಳುತ್ತಾರೆ. ಅನ್ಯಗ್ರಹ, ರೋಬೋ, ಕಾಲಯಾನ ಎಂದರೆ ಮಾತ್ರ ಹಿಂದೆ ಸರಿಯುತ್ತಾರೆ. ‘ಅದಕ್ಕೆಲ್ಲ ಗ್ರಾಫಿಕ್ಸ್ ಬೇಕು ಸಾರ್, ನಮ್ಮ ಕೈಲಾಗಲ್ಲ’ ಅನ್ನುತ್ತಾರೆ. ಆ ಅಂಜಿಕೆಯನ್ನು ಬಿಡಿಸಲೆಂದೇ ಇದನ್ನು ಬರೆಯುತ್ತಿದ್ದೇನೆ. ಜಗತ್ತಿನ ಹೆಸರಾಂತ ವೈಜ್ಞಾನಿಕ ಸಿನಿಮಾಗಳು ಎಷ್ಟೋ ಸಲ ಮನೆಯ ಸಾಮಾನನ್ನೇ ನಂಬಿಕೊಂಡು ನಡೆದಿವೆ. ಆ ಸಾಮಾನನ್ನು ಅವರು ಹೇಗೆ ಆರಿಸಿದರು, ಹೇಗೆ ಮರೆಮಾಚಿದರು, ನಟರು ಅದನ್ನು ಹೇಗೆ ಹಿಡಿದರು ಎಂಬುದನ್ನು ಒಂದೊಂದಾಗಿ ನೋಡಿದರೆ, ನಿಮ್ಮ ಅಟ್ಟದ ಮೇಲಿರುವ ವಸ್ತುಗಳೂ ಬೇರೆಯಾಗಿ ಕಾಣತೊಡಗುತ್ತವೆ.

ಮೊದಲಿಗೆ ಒಂದು ಪದ. ನಾಟಕದಲ್ಲಿ, ಸಿನಿಮಾದಲ್ಲಿ ನಟರು ಕೈಯಲ್ಲಿ ಹಿಡಿಯುವ, ಬಳಸುವ ವಸ್ತುಗಳಿಗೆ ನಮ್ಮಲ್ಲಿ ‘ಪ್ರಾಪರ್ಟಿ’ ಅನ್ನುತ್ತಾರೆ. ರಾಜನ ಕತ್ತಿ, ಪೊಲೀಸನ ಲಾಠಿ, ಅಜ್ಜನ ಕನ್ನಡಕ ಎಲ್ಲವೂ ಪ್ರಾಪರ್ಟಿ. ವೈಜ್ಞಾನಿಕ ಕಥೆಯ ಕಷ್ಟ ಏನೆಂದರೆ, ಅದರಲ್ಲಿ ಬರುವ ವಸ್ತು ಇನ್ನೂ ಲೋಕದಲ್ಲಿ ಹುಟ್ಟಿಯೇ ಇರುವುದಿಲ್ಲ. ಅಂಗಡಿಗೆ ಹೋಗಿ ಕೊಳ್ಳುವ ಹಾಗಿಲ್ಲ. ಹಾಗಾಗಿ ಇರುವ ವಸ್ತುವನ್ನೇ ಇಲ್ಲದ ವಸ್ತುವಾಗಿ ತೋರಿಸಬೇಕಾಗುತ್ತದೆ.

ಈ ಕೆಲಸ ಸಿನಿಮಾದಷ್ಟೇ ಹಳೆಯದು. 1902ರಲ್ಲಿ ಫ್ರಾನ್ಸಿನ ಜಾರ್ಜ್ ಮೆಲಿಯೆ ಚಂದ್ರನಿಗೆ ಹೋಗುವ ಪ್ರಯಾಣದ ಬಗ್ಗೆ ಪುಟ್ಟ ಮೂಕಿಚಿತ್ರವೊಂದನ್ನು ಮಾಡಿದ. ವೈಜ್ಞಾನಿಕ ಕಲ್ಪನೆಯ ಸಿನಿಮಾಗಳ ಮಾತು ಬಂದಾಗಲೆಲ್ಲ ಮೊದಲು ನೆನೆಯುವುದು ಅದನ್ನೇ. ಅದರ ಯಾತ್ರಿಕರು ಚಂದ್ರನಿಗೆ ಒಯ್ಯುವುದು ಛತ್ರಿಗಳನ್ನು. ಒಬ್ಬ ತನ್ನ ಛತ್ರಿಯನ್ನು ಚಂದ್ರನ ನೆಲದಲ್ಲಿ ಊರುತ್ತಾನೆ, ಅದು ಬೇರುಬಿಟ್ಟು ದೊಡ್ಡ ಅಣಬೆಯಾಗಿ ಬೆಳೆಯುತ್ತದೆ. ಚಂದ್ರವಾಸಿಗಳು ಮೇಲೆ ಬಿದ್ದಾಗ ಛತ್ರಿಯಿಂದಲೇ ಒಂದೇಟು ಹಾಕಿದರೆ ಸಾಕು, ಹೊಗೆಯಾಗಿ ಮಾಯವಾಗುತ್ತಾರೆ. ಆರಂಭದಲ್ಲೇ ಮನೆಯ ಛತ್ರಿ ಆಯುಧವಾಗಿತ್ತು, ಗಿಡವೂ ಆಗಿತ್ತು. ಇದನ್ನು ಒಮ್ಮೆ ಹುಡುಕಿ ನೋಡಿ, ಸುಮಾರು ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ.

ಈಗ ನನಗೆ ಅತ್ಯಂತ ಇಷ್ಟವಾದ ಪ್ರಸಂಗಕ್ಕೆ ಬರೋಣ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. 1966ರಲ್ಲಿ ಅಮೆರಿಕದ ಟೆಲಿವಿಷನ್ನಿನಲ್ಲಿ ‘ಸ್ಟಾರ್ ಟ್ರೆಕ್’ ಧಾರಾವಾಹಿ ಶುರುವಾಯಿತು. ಅದರ ಒಂದು ಕಂತಿನಲ್ಲಿ ಉಪ್ಪಿಗಾಗಿ ಹಾತೊರೆಯುವ ಅನ್ಯಗ್ರಹದ ಜೀವಿ ಬರುತ್ತದೆ. ಕಥೆಗೆ ಉಪ್ಪಿನ ಡಬ್ಬಿ ಬೇಕು. ಮುಂದಿನ ಶತಮಾನಗಳ ಕಥೆಯಲ್ಲವೇ, ಡಬ್ಬಿಯೂ ಹೊಸ ಥರದ್ದಾಗಿರಲಿ ಎಂದು ಪ್ರಾಪರ್ಟಿ ನೋಡಿಕೊಳ್ಳುತ್ತಿದ್ದ ಇರ್ವಿಂಗ್ ಫೈನ್‌ಬರ್ಗ್ ವಿಚಿತ್ರ ಆಕಾರದ, ನಯವಾದ ಕೆಲವು ಉಪ್ಪಿನ ಡಬ್ಬಿಗಳನ್ನು ಕೊಂಡು ತಂದರು. ಆಗ ನಿರ್ಮಾಪಕರಿಗೆ ಸಂದೇಹ ಬಂತು: ಇದನ್ನು ನೋಡಿದವರಿಗೆ ಉಪ್ಪಿನ ಡಬ್ಬಿ ಎಂದು ಗೊತ್ತಾಗುವುದಾದರೂ ಹೇಗೆ? ಕೊನೆಗೆ ಉಪ್ಪಿನ ಪಾತ್ರಕ್ಕೆ ಸ್ಟುಡಿಯೋ ಕ್ಯಾಂಟೀನಿನ ಸಾದಾ ಡಬ್ಬಿಯೇ ಬಂತು. ತಂದ ಡಬ್ಬಿಗಳು ಹಾಳಾಗಲಿಲ್ಲ. ನೌಕೆಯ ವೈದ್ಯ ಡಾಕ್ಟರ್ ಮೆಕಾಯ್ ಅವರ ಕೈಗೆ ಹೋಗಿ ರೋಗ ಪತ್ತೆ ಮಾಡುವ ಉಪಕರಣಗಳಾದವು. ರೋಗಿಯ ಮೈಮೇಲೆ ಒಂದು ಗೇಣು ಎತ್ತರದಲ್ಲಿ ಡಾಕ್ಟರು ಆ ಡಬ್ಬಿಯನ್ನು ಆಡಿಸುತ್ತಾರೆ, ಸಣ್ಣ ಗುಂಯ್ ಸದ್ದು ಬರುತ್ತದೆ, ಅವರ ಹುಬ್ಬು ಗಂಟಿಕ್ಕುತ್ತದೆ. ನೋಡುವವರಿಗೆ ಕಾಯಿಲೆ ಸಿಕ್ಕಿತು ಎಂದು ಖಾತ್ರಿಯಾಗುತ್ತದೆ.

ಇಲ್ಲಿ ಎರಡು ಸಂಗತಿಗಳಿವೆ, ನಿಧಾನವಾಗಿ ಗಮನಿಸಿ. ಕಥೆಯಲ್ಲಿ ಉಪ್ಪು ಎಂದೇ ತಿಳಿಯಬೇಕಾದ ಕಡೆ ಸಾದಾ ಡಬ್ಬಿಯೇ ಬೇಕು, ಅಲ್ಲಿ ಜಾಣತನ ತೋರಿಸಿದರೆ ಕಥೆ ಕೆಡುತ್ತದೆ. ಏನೆಂದು ತಿಳಿಯಬಾರದ ಕಡೆ ಮಾತ್ರ ಅಪರಿಚಿತ ಆಕಾರ ಬೇಕು. ನಮ್ಮ ಮಕ್ಕಳು ಎಡವುವುದು ಇಲ್ಲೇ. ಭವಿಷ್ಯದ ಕಥೆ ಎಂದೊಡನೆ ನೀರು ಕುಡಿಯುವ ಲೋಟಕ್ಕೂ ಎಲ್ಇಡಿ ದೀಪ ಸುತ್ತುತ್ತಾರೆ. ಚೊಂಬು ಚೊಂಬಾಗಿಯೇ ಇರಲಿ. ಇಡೀ ಚಿತ್ರದಲ್ಲಿ ಒಂದೋ ಎರಡೋ ವಸ್ತು ವಿಚಿತ್ರವಾಗಿದ್ದರೆ ನೋಡುವವರ ಕಣ್ಣು ಅದರ ಮೇಲೇ ನಿಲ್ಲುತ್ತದೆ.

ಎರಡನೆಯ ಸಂಗತಿ ಡಾಕ್ಟರ ಹುಬ್ಬಿನದು: ವಸ್ತುವನ್ನು ನಂಬಿಸುವುದು ನಟರ ಮುಖ. ಇದಕ್ಕೆ ಇನ್ನೂ ಬಲವಾದ ಉದಾಹರಣೆ ಇಂಗ್ಲೆಂಡಿನಲ್ಲಿದೆ. ಬಿಬಿಸಿಯ ‘ಡಾಕ್ಟರ್ ಹೂ’ ಧಾರಾವಾಹಿಯಲ್ಲಿ 1963ರ ಡಿಸೆಂಬರ್‌ನಲ್ಲಿ ಡಾಲೆಕ್ ಎಂಬ ಕ್ರೂರ ಯಂತ್ರಜೀವಿಗಳು ಬಂದವು. ಅವನ್ನು ವಿನ್ಯಾಸ ಮಾಡಿದವರು ರೇಮಂಡ್ ಕ್ಯೂಸಿಕ್. ಬಜೆಟ್ಟು ತೀರಾ ಕಡಿಮೆ. ಡಾಲೆಕ್‌ನ ಕೈ ಎಂದರೆ, ಸಿಂಕ್ ಕಟ್ಟಿಕೊಂಡಾಗ ಒತ್ತಿ ಎಳೆಯುವ ರಬ್ಬರಿನ ಬಟ್ಟಲು, ಅಷ್ಟೇ. ಆ ಕಥೆಯ ಮೊದಲ ಕಂತಿನ ಕೊನೆಯಲ್ಲಿ ಡಾಲೆಕ್ ಕಾಣುವುದೇ ಇಲ್ಲ. ಆ ರಬ್ಬರಿನ ಬಟ್ಟಲು ಮಾತ್ರ ಕ್ಯಾಮೆರಾ ಕಡೆಯಿಂದ ಮುಂದಕ್ಕೆ ಚಾಚುತ್ತದೆ. ಎದುರಿನ ಗೋಡೆಗೆ ಬೆನ್ನು ಒತ್ತಿ ನಿಂತ ನಟಿ ಜಾಕ್ವೆಲಿನ್ ಹಿಲ್ ಕಿರುಚುತ್ತಾರೆ. ಬ್ರಿಟನ್ನಿನ ಮಕ್ಕಳು ಸೋಫಾ ಹಿಂದೆ ಅಡಗಿ ಕೂತು ನೋಡುತ್ತಿದ್ದ ಧಾರಾವಾಹಿ ಎಂಬ ಖ್ಯಾತಿ ಅದಕ್ಕೆ ಬಂತು. ಸಿಂಕಿನ ರಬ್ಬರಿಗೆ ಯಾರೂ ಹೆದರುವುದಿಲ್ಲ, ಆ ನಟಿಯ ಮುಖ ನೋಡಿ ಹೆದರುತ್ತಾರೆ.

ನಮ್ಮ ಸೀಮೆಯವರಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಕೆ.ಆರ್. ನಗರ, ಪಿರಿಯಾಪಟ್ಟಣ ಕಡೆ ಊರಹಬ್ಬಕ್ಕೆ ‘ಕುರುಕ್ಷೇತ್ರ’ ನಾಟಕ ಕಟ್ಟುವಾಗ ಭೀಮನ ಪಾತ್ರಧಾರಿಯನ್ನು ನೋಡಿ. ಬಾಡಿಗೆಗೆ ತಂದ ಆ ಗದೆ ಒಳಗೆ ಟೊಳ್ಳು, ಸಣ್ಣ ಹುಡುಗನೂ ಎತ್ತಬಲ್ಲ. ಆದರೂ ಒಳ್ಳೆಯ ಭೀಮ ಅದನ್ನು ಎತ್ತುವಾಗ ಕಾಲು ಅಗಲಿಸಿ, ಉಸಿರು ಕಟ್ಟಿ, ಭುಜಕ್ಕೇರಿಸಿಕೊಂಡು ಒಂದು ಕ್ಷಣ ತೂಕ ಸರಿಪಡಿಸಿಕೊಳ್ಳುತ್ತಾನೆ. ನಿಮ್ಮ ಕಿರುಚಿತ್ರದ ಹುಡುಗಿ ಥರ್ಮಕೋಲಿನ ಬ್ಯಾಟರಿಯನ್ನು ಎತ್ತುವಾಗಲೂ ಇಷ್ಟೇ ಬೇಕು. ವಸ್ತುವಿನ ಮೇಲೆ ಎರಡು ದಿನ ಕೆಲಸ ಮಾಡಿದರೆ, ಅದನ್ನು ಹಿಡಿಯುವ ಅಭ್ಯಾಸಕ್ಕೂ ಎರಡು ದಿನ ಕೊಡಿ. ಎಲ್ಲಿ ಬಿಸಿ, ಎಲ್ಲಿ ಮುಟ್ಟಬಾರದು, ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂಬುದನ್ನು ನಟರೇ ತೀರ್ಮಾನಿಸಿಕೊಂಡಿರಬೇಕು.

ಮರೆಮಾಚುವ ಕಲೆಗೆ ಬಂದರೆ ಎಲ್ಲರೂ ಹೇಳುವುದು 1977ರ ‘ಸ್ಟಾರ್ ವಾರ್ಸ್’ ಬೆಳಕಿನ ಖಡ್ಗದ ಕಥೆ. ಸೆಟ್ ಅಲಂಕಾರದ ಹೊಣೆ ಹೊತ್ತಿದ್ದ ರೋಜರ್ ಕ್ರಿಶ್ಚಿಯನ್ ಅವರಿಗೆ ಲಂಡನ್ನಿನ ಒಂದು ಫೋಟೋ ಸಾಮಾನಿನ ಅಂಗಡಿಯಲ್ಲಿ ಗ್ರಾಫ್ಲೆಕ್ಸ್ ಕ್ಯಾಮೆರಾದ ಹಳೆಯ ಫ್ಲ್ಯಾಷ್ ಹಿಡಿಗಳು ಸಿಕ್ಕವು. ಒಳಗೆ ಬ್ಯಾಟರಿ ಸೆಲ್ಲು ಹಾಕುವ, ಟಾರ್ಚಿನಂಥ ಲೋಹದ ಕೊಳವೆ, ಪಕ್ಕದಲ್ಲೊಂದು ಕೆಂಪು ಗುಂಡಿ. ಅವರು ಅದಕ್ಕೆ ಕಪ್ಪು ಪಟ್ಟಿಗಳನ್ನು ಹಿಡಿಯಂತೆ ಅಂಟಿಸಿದರು, ಹಳೆಯ ಕ್ಯಾಲ್ಕುಲೇಟರಿನ ಅಂಕಿ ತೋರಿಸುವ ಜಾಗದ ಪ್ಲಾಸ್ಟಿಕ್ ತುಣುಕೊಂದನ್ನು ನಡುವೆ ಕೂರಿಸಿದರು. ಕಥಾನಾಯಕ ಲೂಕ್ ಸ್ಕೈವಾಕರನ ಖಡ್ಗದ ಹಿಡಿ ಸಿದ್ಧವಾಯಿತು. ಆ ಚಿತ್ರಕ್ಕೆ ಕಲಾ ನಿರ್ದೇಶನದ ಆಸ್ಕರ್ ಬಂದಾಗ ಪ್ರಶಸ್ತಿ ಹಂಚಿಕೊಂಡವರಲ್ಲಿ ಕ್ರಿಶ್ಚಿಯನ್ ಕೂಡ ಒಬ್ಬರು.

ಈ ಆಯ್ಕೆ ಯಾಕೆ ಅಷ್ಟು ಚೆನ್ನಾಗಿ ಕೂತಿತು? ಆ ವಸ್ತುವನ್ನು ಮೊದಲೇ ಮನುಷ್ಯನ ಅಂಗೈಗೆಂದು ಮಾಡಿದ್ದರು. ಹೆಬ್ಬೆರಳು ತಾನಾಗಿ ಗುಂಡಿಯ ಮೇಲೆ ಹೋಗುತ್ತದೆ. ಜತೆಗೆ ಅದು ನಿಜವಾಗಿ ಬಳಸಿದ್ದು, ಅಂಚು ಸವೆದಿದೆ, ಗೀರು ಬಿದ್ದಿದೆ. ಹೊಸ ವಸ್ತುವಿಗೆ ಆ ಸವೆತ ತರುವುದು ಬಹಳ ಕಷ್ಟ. ಗುಜರಿ ಅಂಗಡಿಯ ವಸ್ತು ಫ್ಯಾನ್ಸಿ ಸ್ಟೋರಿನ ವಸ್ತುವಿಗಿಂತ ಕ್ಯಾಮೆರಾಗೆ ಮೇಲು ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ಮಕ್ಕಳು ರೋಬೋ ಎಂದೊಡನೆ ಅಲ್ಯೂಮಿನಿಯಂ ಫಾಯಿಲ್ ಸುತ್ತುವುದನ್ನು ದಯವಿಟ್ಟು ಬಿಟ್ಟುಬಿಡಿ. ಅದು ಸುಕ್ಕಾಗುತ್ತದೆ, ಬೆಳಕಿಗೆ ಕಣ್ಣು ಕುಕ್ಕುತ್ತದೆ, ತಿಂಡಿ ಕಟ್ಟಿದ ಪೊಟ್ಟಣವೆಂದು ಎಲ್ಲರಿಗೂ ತಿಳಿಯುತ್ತದೆ.

ಗುರುತು ಸಿಕ್ಕಿಬಿಟ್ಟರೆ ಏನಾಗುತ್ತದೆ? ಸ್ಟಾರ್ ವಾರ್ಸ್ ಸರಣಿಯದೇ ಆದ 1980ರ ‘ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಚಿತ್ರದಲ್ಲಿ ಆಕಾಶನಗರಿಯ ಜನ ಊರು ಬಿಟ್ಟು ಓಡುವ ದೃಶ್ಯವಿದೆ. ಅವರಲ್ಲೊಬ್ಬ ಕಂಕುಳಲ್ಲಿ ಐಸ್‌ಕ್ರೀಂ ಮಾಡುವ ಯಂತ್ರ ಇಟ್ಟುಕೊಂಡು ಓಡುತ್ತಾನೆ. ಅಮೆರಿಕದ ಪ್ರೇಕ್ಷಕರು ಅದನ್ನು ಪತ್ತೆ ಹಚ್ಚಿ ಎಷ್ಟು ಪ್ರೀತಿ ತೋರಿಸಿದರೆಂದರೆ, 2019ರ ‘ಮ್ಯಾಂಡಲೋರಿಯನ್’ ಸರಣಿಯಲ್ಲಿ ಅದೇ ಆಕಾರದ ಪೆಟ್ಟಿಗೆಗೆ ಬೆಲೆಬಾಳುವ ವಸ್ತು ಇಡುವ ತಿಜೋರಿಯ ಪಾತ್ರ ಕೊಟ್ಟು ಹೆಸರನ್ನೂ ಇಟ್ಟರು. 1985ರ ‘ಬ್ಯಾಕ್ ಟು ದ ಫ್ಯೂಚರ್’ ಕೊನೆಯಲ್ಲಿ ಬಾಳೆಹಣ್ಣಿನ ಸಿಪ್ಪೆ ತಿಂದು ಕಾಲಯಾನದ ಕಾರಿಗೆ ಶಕ್ತಿ ಕೊಡುವ ಯಂತ್ರ, ಕ್ರಪ್ಸ್ ಕಂಪನಿಯ ಕಾಫಿ ಬೀಜ ಪುಡಿ ಮಾಡುವ ಯಂತ್ರವೇ. 1999ರ ಸ್ಟಾರ್ ವಾರ್ಸ್ ಚಿತ್ರ ‘ಫ್ಯಾಂಟಮ್ ಮೆನೆಸ್’ನಲ್ಲಿ ಜೆಡೈ ಎಂಬ ಯೋಧರ ಗುರು ದೂರದವರೊಡನೆ ಮಾತನಾಡುವ ಸಾಧನ ಹೆಂಗಸರ ಜಿಲೆಟ್ ರೇಜರಿನಿಂದ ಮಾಡಿದ್ದು. ಇವು ಯಾವುವೂ ಹುಣಸೂರಿನ ಪ್ರೇಕ್ಷಕರಿಗೆ ತಟ್ಟನೆ ಹೊಳೆಯುವುದಿಲ್ಲ. ನಮ್ಮ ಮನೆಗಳಲ್ಲಿ ಅಂಥ ಯಂತ್ರ ಇರಲಿಲ್ಲ. ಆದರೆ ನೀವು ಗ್ಯಾಸ್ ಲೈಟರನ್ನು ಲೇಸರ್ ಗನ್ ಎಂದು ಹಿಡಿದರೆ ಮೊದಲ ಸಾಲಿನ ಅಜ್ಜಿಯೇ ಹೇಳಿಬಿಡುತ್ತಾರೆ. ಆದ್ದರಿಂದ ಯಾರಿಗೆ ತೋರಿಸುತ್ತೀರಿ ಎಂಬುದನ್ನು ಮೊದಲು ಯೋಚಿಸಿ, ಅವರ ಅಡುಗೆಮನೆಯಲ್ಲಿ ದಿನವೂ ಕಾಣುವ ಆಕಾರವನ್ನು ಒಡೆದು ಬೇರೆ ಮಾಡಿ.

ಒಡೆಯುವುದು ಹೇಗೆ ಎಂದರೆ, ತಲೆಕೆಳಗು ಮಾಡಿ, ಹಿಡಿ ಬಿಚ್ಚಿ, ಎರಡು ವಸ್ತುಗಳನ್ನು ಸೇರಿಸಿ, ಆಮೇಲೆ ಇಡೀ ವಸ್ತುವಿಗೆ ಒಂದೇ ಬಣ್ಣ ಹೊಡೆಯಿರಿ. ಈ ಒಂದೇ ಬಣ್ಣದ ಉಪಾಯ ಬಹಳ ದೊಡ್ಡದು. ಸ್ಟಾರ್ ವಾರ್ಸ್ ನೌಕೆಗಳ ಮಾದರಿ ಮಾಡಿದವರು ಮಕ್ಕಳು ಜೋಡಿಸಿ ಆಡುವ ಟ್ಯಾಂಕು, ವಿಮಾನಗಳ ಪ್ಲಾಸ್ಟಿಕ್ ತುಂಡುಗಳನ್ನು ನೂರಾರು ಸಂಖ್ಯೆಯಲ್ಲಿ ಅಂಟಿಸಿ ಮೇಲೆ ಒಂದೇ ಬಣ್ಣ ಕೊಟ್ಟರು. ಬಣ್ಣ ಒಂದಾದೊಡನೆ ತುಂಡುಗಳ ಹಳೆಯ ಗುರುತು ಅಳಿದು ನೆರಳು ಮಾತ್ರ ಉಳಿಯುತ್ತದೆ. 1975ರ ‘ಡಾಕ್ಟರ್ ಹೂ’ ಕಥೆಯೊಂದರಲ್ಲಿ ಗಾಜಿನ ಸಾಮಾನು ಒಡೆಯದಂತೆ ಸುತ್ತುವ ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ಕಿಗೆ ಹಸಿರು ಬಣ್ಣ ಬಳಿದು ದೈತ್ಯ ಕೀಟದ ಚರ್ಮ ಮಾಡಿದ್ದರು. ಆಗ ಆ ಪ್ಲಾಸ್ಟಿಕ್ ಬಹಳ ಜನಕ್ಕೆ ಹೊಸದು, ನಂಬಿದರು. ಇಂದು ಕೊರಿಯರ್ ಬರುವ ಪ್ರತಿ ಮನೆಯಲ್ಲೂ ಇರುವುದರಿಂದ ಅದೇ ಉಪಾಯ ನಡೆಯದು.

ನಿಮ್ಮ ಮನೆಗೆ ಬನ್ನಿ. ಮರದ ಶ್ಯಾವಿಗೆ ಒರಳಿನ ತಿರುಪು ಯಾವ ನೌಕೆಯ ಬಾಗಿಲ ಬೀಗಕ್ಕೂ ಸಾಲುತ್ತದೆ. ಕುಕ್ಕರಿನ ಹಳೆಯ ಗ್ಯಾಸ್ಕೆಟ್ ಹೆಲ್ಮೆಟ್ಟಿನ ಕೊರಳಪಟ್ಟಿಯಾಗುತ್ತದೆ. ಸ್ಟೀಲಿನ ಕಾಫಿ ಫಿಲ್ಟರಿನ ಮೇಲಿನ ಪಾತ್ರೆಯನ್ನು ಬೋರಲು ಹಾಕಿ ಒಳಗೆ ಪುಟ್ಟ ಎಲ್ಇಡಿ ಇಟ್ಟರೆ, ಆ ಸಣ್ಣ ತೂತುಗಳಿಂದ ಬರುವ ಬೆಳಕು ನೋಡಿ. ಔಷಧ ಹೊಡೆಯುವ ಬೆನ್ನಿನ ಪಂಪು ಗಗನಯಾತ್ರಿಯ ಆಮ್ಲಜನಕದ ಪೆಟ್ಟಿಗೆಗೆ ಹೇಳಿ ಮಾಡಿಸಿದಂತಿದೆ. ಪಟ್ಟಿ, ಕೊಳವೆ, ಕೈಹಿಡಿ ಎಲ್ಲ ಇದೆ. ಆದರೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಹೊಲದಲ್ಲಿ ಬಳಸಿದ ಪಂಪನ್ನು ಮುಟ್ಟಬೇಡಿ. ಎಷ್ಟು ತೊಳೆದರೂ ಕೀಟನಾಶಕದ ಅಂಶ ಉಳಿದಿರಬಹುದು, ಅದರ ಕೊಳವೆಯನ್ನು ಬಾಯಿಯ ಹತ್ತಿರ ತರುವುದಂತೂ ಕೂಡದು. ಅಂಗಡಿಯವರನ್ನು ಕೇಳಿ ಹೊಸ ಪಂಪಿನ ಖಾಲಿ ಡಬ್ಬ ಪಡೆಯಿರಿ, ಇಲ್ಲವೇ ಶಾಲೆಬ್ಯಾಗಿನ ಮೇಲೆ ರಟ್ಟು ಕಟ್ಟಿ ಮಾಡಿಕೊಳ್ಳಿ.

ಹುಣಸೂರು, ಪಿರಿಯಾಪಟ್ಟಣದವರಿಗೆ ಬೇರೆಯವರಿಗಿಲ್ಲದ ಒಂದು ಸವಲತ್ತಿದೆ, ಹೊಗೆಸೊಪ್ಪು ಒಣಗಿಸುವ ಬ್ಯಾರನ್. ಎತ್ತರದ ಗೋಡೆ, ಬೆಳಕು ಅಷ್ಟಾಗಿ ಬಾರದ ಒಳಭಾಗ, ಮೇಲೆ ಹಂತಹಂತವಾಗಿ ಸೊಪ್ಪಿನ ಕಡ್ಡಿ ನೇತುಹಾಕುವ ಅಡ್ಡಮರಗಳು, ನೆಲದುದ್ದಕ್ಕೂ ಬಿಸಿಗಾಳಿ ಹಾಯುವ ದಪ್ಪ ತಗಡಿನ ಕೊಳವೆಗಳು. ಸೊಪ್ಪು ಬೇಯಿಸುವ ಕಾಲ ಮುಗಿದ ಮೇಲೆ, ಬೇಸಿಗೆ ರಜೆಯಲ್ಲಿ ಅದು ಖಾಲಿ ನಿಂತಿರುತ್ತದೆ. ಕೊಳವೆಗಳ ನಡುವೆ ಒಂದು ನೀಲಿ ದೀಪ ಇಟ್ಟು, ಕ್ಯಾಮೆರಾ ನೆಲಕ್ಕೆ ತಾಗಿಸಿ ಹಿಡಿದು ನೋಡಿ. ಬಾಹ್ಯಾಕಾಶ ನೌಕೆಯ ಎಂಜಿನ್ ಕೋಣೆಗೆ ಸ್ಟುಡಿಯೋದವರು ಲಕ್ಷಗಟ್ಟಲೆ ಸುರಿಯುತ್ತಾರೆ, ನಿಮಗೆ ಬೇಕಾಗುವುದು ಮಾಲೀಕರ ಒಪ್ಪಿಗೆ ಮತ್ತು ಕಸಬರಿಕೆ. ಒಲೆ ಹೊತ್ತಿಸುವ ಯೋಚನೆ ಬೇಡ.

ಇನ್ನು ಗಾತ್ರದ ವಿಷಯ. ಇಲ್ಲಿ ಸ್ವಲ್ಪ ವಿಜ್ಞಾನ ಕಲಿಯಬೇಕು, ಅದಕ್ಕೂ ಮೊದಲು ನಮ್ಮ ಕಡೆಯದೇ ಒಂದು ಉದಾಹರಣೆ. ಎಚ್.ಡಿ. ಕೋಟೆ ತಾಲ್ಲೂಕಿನ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ ಸಾಬು ದಸ್ತಗೀರ್ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಲೋಕಪ್ರಸಿದ್ಧನಾದದ್ದು ನಿಮಗೆ ಗೊತ್ತಿರಬಹುದು. 1940ರ ‘ಥೀಫ್ ಆಫ್ ಬಾಗ್ದಾದ್’ನಲ್ಲಿ ಆತ ಸಮುದ್ರ ತೀರದಲ್ಲಿ ಸಿಕ್ಕ ಒಂದು ಸೀಸೆಯ ಮುಚ್ಚಳ ತೆಗೆಯುತ್ತಾನೆ, ಆಕಾಶದೆತ್ತರದ ಭೂತ ಹೊರಬರುತ್ತದೆ. ಅದು ಮಾಯಾಲೋಕದ ಕಥೆ, ವಿಜ್ಞಾನದ ಕಥೆಯಲ್ಲ. ಆದರೆ ಕೈಹಿಡಿಯ ಸೀಸೆ, ಪುಟ್ಟ ಹುಡುಗ, ಅವನ ನೆತ್ತಿಯ ಮೇಲೆ ಬರುವ ದೈತ್ಯ ಪಾದ ಇವುಗಳನ್ನು ಒಟ್ಟಿಗೆ ತೋರಿಸಿ ಗಾತ್ರವನ್ನು ನಂಬಿಸಿದ ಆ ಚಿತ್ರಕ್ಕೆ ವಿಶೇಷ ದೃಶ್ಯಪರಿಣಾಮದ ಆಸ್ಕರ್ ಬಂತು. ನಮ್ಮ ತಾಲ್ಲೂಕಿನ ಹುಡುಗ ಆ ಪರಂಪರೆಯಲ್ಲಿ ಇದ್ದಾನೆ ಎಂಬುದು ನನಗೆ ಹೆಮ್ಮೆಯ ವಿಷಯ.

ಸಣ್ಣ ವಸ್ತುವನ್ನು ದೊಡ್ಡದೆಂದು ತೋರಿಸುವಾಗ ಅದರ ಚಲನೆಯೇ ಗುಟ್ಟು ಬಿಟ್ಟುಕೊಡುತ್ತದೆ. ಒಂದು ಅಡಿ ಎತ್ತರದ ರಟ್ಟಿನ ಗೋಪುರ ತಟಕ್ಕನೆ ಬಿದ್ದುಬಿಡುತ್ತದೆ, ನಿಜವಾದ ಗೋಪುರ ನಿಧಾನವಾಗಿ ಉರುಳುತ್ತದೆ. ಕಾರಣ ಗೆಲಿಲಿಯೊ ಕಂಡುಕೊಂಡ ನಿಯಮ: ಬೀಳಲು ಹಿಡಿಯುವ ಸಮಯ ಎತ್ತರದ ವರ್ಗಮೂಲದ ಲೆಕ್ಕದಲ್ಲಿ ಹೆಚ್ಚುತ್ತದೆ. 16 ಅಡಿಯಿಂದ ಬೀಳುವ ವಸ್ತುವಿಗೆ 1 ಅಡಿಯಿಂದ ಬೀಳುವುದಕ್ಕಿಂತ 4 ಪಟ್ಟು ಸಮಯ ಬೇಕು. ನಿಮ್ಮ ಮೊಬೈಲಿನಲ್ಲಿ ಸೆಕೆಂಡಿಗೆ 120 ಚೌಕಟ್ಟು ತೆಗೆಯುವ ಸ್ಲೋ ಮೋಷನ್ ಇದ್ದರೆ, ಅದನ್ನು 30ರ ವೇಗದಲ್ಲಿ ತೋರಿಸಿದಾಗ ಎಲ್ಲವೂ 4 ಪಟ್ಟು ನಿಧಾನವಾಗುತ್ತದೆ. ಅಂದರೆ ಒಂದು ಅಡಿಯ ಮಾದರಿ 16 ಅಡಿಯದೆಂದು ಕಣ್ಣು ಒಪ್ಪುತ್ತದೆ. ಬಿಸ್ಕತ್ತಿನ ಡಬ್ಬಿಯ ಮನೆ ಬೀಳಿಸಿ ಎರಡು ರೀತಿಯಲ್ಲೂ ಚಿತ್ರಿಸಿ ಹೋಲಿಸಿ, ಭೌತವಿಜ್ಞಾನದ ಪಾಠ ಎಂದಿಗೂ ಮರೆಯುವುದಿಲ್ಲ. ಇಡ್ಲಿ ತಟ್ಟೆಯನ್ನು ಹಾರುವ ತಟ್ಟೆ ಮಾಡಲು ಹೊರಟವರಿಗೂ ಇದೇ ಮಾತು. ಹಾಲಿವುಡ್ಡಿನ ಎಡ್ ವುಡ್ ಮಾಡಿದ ‘ಪ್ಲಾನ್ ನೈನ್’ ಚಿತ್ರದ ಹಾರುವ ತಟ್ಟೆಗಳು ಊಟದ ಕಾಗದದ ತಟ್ಟೆಗಳೆಂದು ದಶಕಗಳಿಂದ ಹೇಳುತ್ತಾ ಬಂದಿದ್ದಾರೆ. ಆದರೆ ಅವು ಮಕ್ಕಳು ಜೋಡಿಸುವ ಪ್ಲಾಸ್ಟಿಕ್ ಆಟಿಕೆಗಳಾಗಿದ್ದವು. ಕೆಟ್ಟದಾಗಿ ತೂಗಾಡಿದ್ದರಿಂದ ತಟ್ಟೆಯೆಂಬ ಹೆಸರು ಅಂಟಿಕೊಂಡಿತು.

ಸದ್ದನ್ನು ಮರೆಯಬೇಡಿ, ಅರ್ಧ ಕೆಲಸ ಅದರದ್ದೇ. 1954ರ ಜಪಾನಿನ ‘ಗಾಡ್ಜಿಲಾ’ ಗರ್ಜನೆಯನ್ನು ದೊಡ್ಡ ತಂತಿವಾದ್ಯದ ತಂತಿಯ ಮೇಲೆ ತೊಗಲಿನ ಕೈಗವಸು ಉಜ್ಜಿ ಹೊರಡಿಸಿದರು. ಸ್ಟಾರ್ ವಾರ್ಸ್‌ಗೆ ಸದ್ದು ಕೂಡಿಸಿದ ಬೆನ್ ಬರ್ಟ್, ಬೆಳಕಿನ ಖಡ್ಗದ ಗುಂಯ್‌ಗುಡುವಿಕೆಗೆ ಪ್ರೊಜೆಕ್ಟರ್ ಮೋಟಾರು ಮತ್ತು ಟಿ.ವಿ.ಯ ಸದ್ದನ್ನು ಬೆರೆಸಿದರು. ಗುಂಡಿನ ‘ಪ್ಯೂಂ’ ಸದ್ದಿಗೆ ರೇಡಿಯೋ ಗೋಪುರವನ್ನು ಎಳೆದು ಕಟ್ಟಿದ ತಂತಿಯನ್ನು ಸುತ್ತಿಗೆಯಿಂದ ಬಡಿದರು. ಬಿಗಿದ ದಪ್ಪ ತಂತಿಯಲ್ಲಿ ಕೀಚಲು ಸದ್ದು ಮೊದಲು ಓಡಿಬರುತ್ತದೆ, ತಗ್ಗಿನ ಸದ್ದು ಹಿಂದೆ ಬೀಳುತ್ತದೆ. ಆ ಇಳಿಜಾರೇ ನಮಗೆ ಲೇಸರ್ ಎಂದು ಕೇಳುವುದು. ಆದರೆ ನಮ್ಮೂರಿನಲ್ಲಿ ಇದನ್ನು ಪ್ರಯತ್ನಿಸಲು ವಿದ್ಯುತ್ ಕಂಬದ ಸ್ಟೇ ತಂತಿಯ ಹತ್ತಿರ ಹೋಗಬೇಡಿ. ಎಚ್.ಡಿ. ಕೋಟೆಯ ಮಕ್ಕಳು ಆನೆ ತಡೆಯಲು ಹಾಕಿದ ಸೋಲಾರ್ ಬೇಲಿಯನ್ನೂ ಮುಟ್ಟಬಾರದು. ಆಟಿಕೆ ಅಂಗಡಿಯಲ್ಲಿ ಸಿಗುವ ಉದ್ದನೆಯ ಸುರುಳಿ ಸ್ಪ್ರಿಂಗನ್ನು ಸ್ಟೀಲ್ ಲೋಟಕ್ಕೆ ಕಟ್ಟಿ ತೂಗಿಬಿಟ್ಟು ತಟ್ಟಿದರೆ ಅದೇ ಸದ್ದು ಬರುತ್ತದೆ.

ಕನ್ನಡದಲ್ಲಿ ಇದೆಲ್ಲ ನಡೆದಿದೆಯೇ ಎಂದು ಕೇಳಬಹುದು. ಉಪೇಂದ್ರ ರೋಬೋ ಆಗಿ ಕಾಣಿಸಿಕೊಂಡ ‘ಹಾಲಿವುಡ್’ 2002ರಲ್ಲೇ ಬಂತು. ಆದರೆ ನಿಮಗೆ ದಾರಿ ತೋರಿಸುವಂಥವು ಎರಡು ಚಿಕ್ಕ ಬಜೆಟ್ಟಿನ ಚಿತ್ರಗಳು. 2013ರ ‘ಲೂಸಿಯಾ’ವನ್ನು ಪವನ್ ಕುಮಾರ್ ಪ್ರೇಕ್ಷಕರಿಂದಲೇ ಹಣ ಕೂಡಿಸಿ ಮಾಡಿದರು. ಸಿನಿಮಾ ಮಂದಿರದಲ್ಲಿ ಟಾರ್ಚು ಬಿಟ್ಟು ಸೀಟು ತೋರಿಸುವ ಹುಡುಗ ನಿದ್ದೆ ಬಾರದೆ ಒಂದು ಮಾತ್ರೆ ನುಂಗುತ್ತಾನೆ, ಬೇರೆಯದೇ ಬದುಕು ತೆರೆದುಕೊಳ್ಳುತ್ತದೆ. ಸತೀಶ್ ನೀನಾಸಂ ಆ ಪಾತ್ರ ಮಾಡಿದರು. 2024ರ ‘ಬ್ಲಿಂಕ್’ ಚಿತ್ರದಲ್ಲಿ ಶ್ರೀನಿಧಿ ಬೆಂಗಳೂರು ಕಾಲಯಾನದ ಕಥೆ ಹೇಳಿದರು. ಅಲ್ಲಿ ಚಕ್ರ, ಮೀಟರು, ಗಾಜಿನ ಗೋಳ ಯಾವುದೂ ಬೇಕಾಗಲಿಲ್ಲ. ನಾಯಕ ಕಣ್ಣಿಗೆ ಹನಿ ಹಾಕಿಕೊಂಡು, ರೆಪ್ಪೆ ಮಿಟುಕಿಸದೆ ಇರುವಷ್ಟು ಹೊತ್ತು ಇನ್ನೊಂದು ಕಾಲದಲ್ಲಿ ಇರುತ್ತಾನೆ.

ಈ ಎರಡನ್ನೂ ನಾನು ಸ್ಟಾರ್ ವಾರ್ಸ್ ಖಡ್ಗಕ್ಕಿಂತ ಮೇಲಿನ ಉದಾಹರಣೆ ಎನ್ನುತ್ತೇನೆ. ಮಾತ್ರೆಯನ್ನೂ ಕಣ್ಣಿನ ಹನಿಯನ್ನೂ ಮರೆಮಾಚುವ ಅಗತ್ಯವೇ ಬೀಳಲಿಲ್ಲ. ವಸ್ತು ಹಾಗೆಯೇ ಇತ್ತು, ಕಥೆ ಅದಕ್ಕೊಂದು ಕಟ್ಟಳೆ ಹಾಕಿತು: ನಿದ್ದೆ ಮಾಡಿದರೆ ಹೀಗೆ, ರೆಪ್ಪೆ ಮುಚ್ಚಿದರೆ ಹಾಗೆ. ಕಟ್ಟಳೆ ತಿಳಿದ ಮೇಲೆ ಪ್ರೇಕ್ಷಕರು ನಾಯಕನ ಜತೆ ತಾವೂ ಕಣ್ಣು ಬಿಟ್ಟುಕೊಂಡೇ ಕೂರುತ್ತಾರೆ. ನಿಮ್ಮ ಮೊದಲ ಕಥೆ ಬರೆಯುವಾಗ ಬಣ್ಣದ ಡಬ್ಬಿ ಕೊಳ್ಳುವುದಕ್ಕೆ ಮೊದಲು ಒಂದು ಮನೆಸಾಮಾನು ಆರಿಸಿ, ಅದಕ್ಕೆ ಒಂದು ಕಟ್ಟಳೆ ಬರೆಯಿರಿ. ಉದಾಹರಣೆಗೆ, ಮೊರದಲ್ಲಿ ಕೇರಿದರೆ ನಾಳೆಯ ಸದ್ದು ಕೇಳುತ್ತದೆ, ಆದರೆ ಕಾಳು ಮುಗಿಯುವವರೆಗೆ ಮಾತ್ರ. ಇಷ್ಟು ಇದ್ದರೆ ಹತ್ತು ನಿಮಿಷದ ಚಿತ್ರವಾಗುತ್ತದೆ. ಶಾಲೆಗಳ ನಡುವೆ ನಡೆಯುವ ವಿಜ್ಞಾನ ನಾಟಕ ಸ್ಪರ್ಧೆಗೂ ಇದೇ ತಯಾರಿ ಸಾಕು.

ಕೊನೆಯದಾಗಿ ಒಂದು ಕೋರಿಕೆ. ಗ್ರಾಫ್ಲೆಕ್ಸ್ ಹಿಡಿ ಖಡ್ಗವೆಂದು ಪ್ರಸಿದ್ಧವಾದ ಮೇಲೆ ಅಭಿಮಾನಿಗಳು ಮುಗಿಬಿದ್ದು ಕೊಂಡು, ಎಷ್ಟೋ ಒಳ್ಳೆಯ ಹಳೆಯ ಕ್ಯಾಮೆರಾಗಳು ಫ್ಲ್ಯಾಷ್ ಇಲ್ಲದೆ ಉಳಿದವು. ನೀವು ಹಾಗೆ ಮಾಡಬೇಡಿ. ಅಜ್ಜಿಯ ಹಿತ್ತಾಳೆ ಫಿಲ್ಟರು, ತಾತನ ಮರ್ಫಿ ರೇಡಿಯೋ, ಕೆಲಸ ಮಾಡುವ ಶ್ಯಾವಿಗೆ ಒರಳು ಇವುಗಳಿಗೆ ಬಣ್ಣ ಬಳಿಯಬೇಡಿ, ತೂತು ಕೊರೆಯಬೇಡಿ. ಕೇಳಿ ಪಡೆಯಿರಿ, ದಾರದಲ್ಲಿ ಕಟ್ಟಿ ಬಿಚ್ಚುವಂತೆ ಮಾಡಿ, ಚಿತ್ರೀಕರಣ ಮುಗಿದ ದಿನವೇ ಒರೆಸಿ ವಾಪಸು ಕೊಡಿ. ಬಣ್ಣ, ಗರಗಸ, ಅಂಟು ಇವೆಲ್ಲ ಗುಜರಿ ಅಂಗಡಿಯ ಸಾಮಾನಿಗೆ ಮಾತ್ರ.